ಡ್ಯಾಡಿಯ ಕೈಗೆ ಚಿಕ್ಕದಾದ ಪಿಸ್ತೂಲು

ಅಲ್ ನಹ್ದಾ, ದುಬೈ
14 ಅಕ್ಟೋಬರ್ 2025, ಮಂಗಳವಾರ

ನನ್ನ ಪ್ರೀತಿಯ ಮಮ್ಮಿ,

ಈ ಕಾಗದವನ್ನು ನಿನ್ನ ಆಸ್ಪತ್ರೆಯ ಡೆಲ್ಫಿನ್ ಆಂಟಿಯ ಕೈಯಲ್ಲಿ ಕೊಡ್ತಿದ್ದೇನೆ. ಅವರು ಸಂಜೆಯ ಬಸ್ಸಿನಲ್ಲಿ ಅಬುಧಾಬಿಗೆ ವಾಪಸ್ ಬರ್ತಾರಂತೆ. ವಾಟ್ಸಾಪ್ ಇರುವಾಗ ಕಾಗದ ಯಾಕೆ ಅಂತ ನೀನು ಗಾಬರಿ ಆಗ್ಬೇಡ. ಅಲ್ಲ, ಸ್ವಲ್ಪ ಆಗು. ಫೋನಿನಲ್ಲಿ ನಿನ್ನ ಧ್ವನಿ ಕೇಳಿದ ಕೂಡಲೇ ನಾನು ಎಲ್ಲ ಸರಿ ಇದೆ ಅಂತಲೇ ಹೇಳೋದು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಏಳು ವರ್ಷ ಭಾನುವಾರ ಭಾನುವಾರ ಸಿಸ್ಟರ್ ಎದುರು ಕೂತು ಮನೆಗೆ ಹಾಗೇ ಬರೆದು ಬರೆದು ಅಭ್ಯಾಸ ಆಗಿದೆ. ಇವತ್ತು ಓದಿ ನೋಡೋಕೆ ಸಿಸ್ಟರ್ ಇಲ್ಲ.

ಡ್ಯಾಡಿಯ ಆಫ್ರಿಕಾ ಕೆಲಸ ಅವರು ನಿನಗೆ ಹೇಳಿದ ಹಾಗೆ ಹೋಟೆಲಿನ ಸೂಪರ್‌ವೈಸರ್ ಕೆಲಸ ಅಲ್ಲ ಮಮ್ಮಿ. ಅದೊಂದು ಚಿನ್ನದ ಗಣಿ. ಗಣಿಯಿಂದ ಏರ್‌ಪೋರ್ಟಿಗೆ ಹೋಗುವ ಗಾಡಿಯಲ್ಲಿ ಕೂರಬೇಕು, ಸೊಂಟದಲ್ಲಿ ಪಿಸ್ತೂಲು ಇರ್ತದೆ. ನಿನಗೆ ಹೇಳಬಾರದು ಅಂತ ಡ್ಯಾಡಿ ನನ್ನ ಹತ್ತಿರ ಪ್ರಾಮಿಸ್ ಮಾಡಿಸಿಕೊಂಡರು. ಗೊತ್ತಾದರೆ ಮಮ್ಮಿ ಡ್ಯೂಟಿ ಬಿಟ್ಟು ಓಡಿ ಬರ್ತಾಳೆ, ಪೇಷಂಟುಗಳು ಏನು ಪಾಪ ಮಾಡಿದ್ದಾರೆ ಅಂದರು. ನಾನು ನಕ್ಕೆ. ನಗಬಾರದಿತ್ತು.

ಈ ಬಿಲ್ಡಿಂಗಿನ ವಾಚ್‌ಮನ್ ಕೆಲಸ ತಿಂಗಳ ಕೊನೆಗೆ ಮುಗೀತದೆ, ಅದು ನಿನಗೆ ಗೊತ್ತು. ಐವತ್ತೊಂದು ವರ್ಷದವರಿಗೆ ಇಲ್ಲಿ ಬೇರೆ ವೀಸಾ ಯಾರು ಕೊಡ್ತಾರೆ ಅಂತ ಡ್ಯಾಡಿ ಕೇಳಿದರು. ನನ್ನ ಕಾಲೇಜು ಈಗಷ್ಟೇ ಶುರು ಆಗಿದೆ, ಫೀಸು ಕಟ್ಟಬೇಕು. ಅದನ್ನವರು ಬಾಯಿಬಿಟ್ಟು ಹೇಳ್ಲಿಲ್ಲ. ಹೇಳಿದ್ದರೆ ಜಗಳ ಆಡಬಹುದಿತ್ತು.

ಕೆಲಸಕ್ಕೆ ಕಳಿಸುವ ಏಜೆನ್ಸಿಯ ಆಫೀಸು ಸಿಲಿಕಾನ್ ಓಯಸಿಸ್‌ನಲ್ಲಿದೆ. ಅವರು ಇಂಗ್ಲಿಷಿನ ಒಂದು ಫಾರ್ಮ್ ಕಳಿಸಿದ್ದರು. ಅದರಲ್ಲಿ ಮೂರು ಪಿಸ್ತೂಲು, ದೊಡ್ಡದು, ಮಧ್ಯಮ, ಚಿಕ್ಕದು. ನಿಮ್ಮ ಕೈಯ ಅಳತೆ ನೋಡಿ ಒಂದಕ್ಕೆ ಟಿಕ್ ಮಾಡಿ, ಟೆಸ್ಟಿನಲ್ಲೂ ಅದೇ, ಅಲ್ಲಿ ಡ್ಯೂಟಿಗೂ ಅದೇ ಸಿಗ್ತದೆ ಅಂತ ಇತ್ತು. ಡ್ಯಾಡಿ ಮಿಲಿಟರಿಯಲ್ಲಿ ಹದಿನೇಳು ವರ್ಷ ರೈಫಲ್ ಹಿಡಿದವರು. ಪಿಸ್ತೂಲು ಆಫೀಸರುಗಳದ್ದು, ನಾನು ಮುಟ್ಟಿದ್ದೇ ಇಲ್ಲ, ನೀನೇ ಓದಿ ಹೇಳು ಬಾಯೆ ಅಂದರು, ಮುದ್ದು ಬಂದಾಗ ನನ್ನನ್ನು ಹಾಗೆ ಕರೀತಾರಲ್ಲ.

ಅವರ ಕೈಯನ್ನು ನನ್ನ ಲಾಂಗ್ ಬುಕ್ಕಿನ ಮೇಲೆ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ ಇಪ್ಪತ್ತೆರಡು ಸೆಂಟಿಮೀಟರ್. ಹೆಬ್ಬೆರಳು ಹಾಳೆಯ ಹೊರಗೇ ಹೋಯ್ತು. ಈ ಕೈಗೆ ಗ್ಲೌಸ್ ಸಿಗದೆ ಲಡಾಖಿನಲ್ಲಿ ಎರಡು ಕಾಲುಚೀಲ ಹಾಕಿಕೊಂಡಿದ್ದೆ ಅಂದರು. ನಿಜವೋ ಸುಳ್ಳೋ, ನಿನ್ನನ್ನೇ ಕೇಳಬೇಕು.

ಆಮೇಲೆ ಮೂರು ದಿನ ನಾನು ಕಾಲೇಜಿನ ಲೈಬ್ರರಿಯಲ್ಲಿ ಕೂತು ಪಿಸ್ತೂಲಿನ ಬಗ್ಗೆ ಓದಿದೆ. ಕೆಮಿಸ್ಟ್ರಿಯನ್ನೂ ಅಷ್ಟು ಗಮನ ಕೊಟ್ಟು ಓದಿಲ್ಲ. ದೊಡ್ಡ ಕೈಯವರು ಮೊದಲ ಪಿಸ್ತೂಲನ್ನು ಹೇಗೆ ಆರಿಸಬೇಕು ಅಂತ ಎಲ್ಲರೂ ಒಂದೇ ಮಾತು ಹೇಳ್ತಾರೆ: ಹಿಡಿ ಉದ್ದ ಇರಬೇಕು, ದಪ್ಪ ಇರಬೇಕು. ಚಿಕ್ಕದನ್ನು ತೆಗೊಂಡರೆ ಕಿರುಬೆರಳಿಗೆ ಜಾಗ ಸಿಗದೆ ಗಾಳಿಯಲ್ಲಿ ನೇತಾಡ್ತದೆ. ತೋರುಬೆರಳು ಟ್ರಿಗರಿನ ಒಳಗೆ ಜಾಸ್ತಿ ಹೋಗಿ ಗುರಿ ಪಕ್ಕಕ್ಕೆ ತಿರುಗ್ತದೆ. ಪ್ರತಿ ಗುಂಡಿಗೂ ಪಿಸ್ತೂಲಿನ ಮೇಲಿನ ಭಾಗ ಹಿಂದಕ್ಕೆ ಜಾರಿ ಬರುವಾಗ ಹೆಬ್ಬೆರಳಿನ ಬುಡದ ಚರ್ಮ ಕೀಳ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಚಿಕ್ಕದಕ್ಕೇ ಟಿಕ್ ಹಾಕಿದೆ.

ಟೆಸ್ಟಿನಲ್ಲಿ ಫೇಲ್ ಆಗಲಿ ಅಂತ ಮಮ್ಮಿ. ಫೇಲ್ ಆದರೆ ಹೋಗುವ ಹಾಗಿಲ್ಲ ಅಲ್ವಾ. ಮುಂದೇನು ಅಂತ ನಾನು ಯೋಚನೆ ಮಾಡಿರ್ಲಿಲ್ಲ. ಫಾರ್ಮಿನ ಚಿತ್ರ ನೋಡಿ ಡ್ಯಾಡಿ, ಇದೆಂತ ಚರ್ಚಿನ ಫೆಸ್ಟಿನ ಅಂಗಡಿಯ ಆಟಿಕೆಯಾ ಅಂತ ಕೇಳಿದರು. ಈಗಿನ ಹೊಸ ಮಾಡೆಲ್ ಹೀಗೇ ಡ್ಯಾಡಿ, ಇಂಗ್ಲಿಷಿನಲ್ಲಿ ಹಾಗೇ ಬರೆದಿದ್ದಾರೆ ಅಂದೆ. ಅವರು ಇನ್ನೊಂದು ಪ್ರಶ್ನೆ ಕೇಳದೆ ಸಹಿ ಹಾಕಿದರು. ನನ್ನ ಇಂಗ್ಲಿಷಿಗೆ ಕ್ಲಾಸಿನಲ್ಲಿ ಎಲ್ಲರೂ ನಗ್ತಾರೆ. ಅದನ್ನು ನಂಬುವವರು ಈ ಊರಲ್ಲಿ ಡ್ಯಾಡಿ ಒಬ್ಬರೇ.

ಶನಿವಾರ ಶೂಟಿಂಗ್ ಕ್ಲಬ್ಬಿನಲ್ಲಿ ಟೆಸ್ಟ್ ಆಯ್ತು. ನಾನೂ ಹೋಗಿ ಗಾಜಿನ ಈಚೆ ಕೂತಿದ್ದೆ. ಐವತ್ತು ಗುಂಡಿನಲ್ಲಿ ಮೂವತ್ತೈದಾದರೂ ಬೋರ್ಡಿನ ರಿಂಗಿನ ಒಳಗೆ ಬಿದ್ದರೆ ಪಾಸ್. ಮೊದಲ ಹತ್ತರಲ್ಲಿ ಎರಡೇ ಒಳಗೆ, ಉಳಿದದ್ದೆಲ್ಲ ಬಲಕ್ಕೆ. ನನಗೆ ಎಷ್ಟು ಖುಷಿ ಆಯ್ತು ಅಂದರೆ, ನನ್ನ ಮೇಲೇ ಹೇಸಿಗೆ ಬರ್ತದೆ ಈಗ. ಅಷ್ಟರಲ್ಲಿ ಡ್ಯಾಡಿಯ ಕೈಯಿಂದ ರಕ್ತ ಬಂತು. ಓದಿದ ಜಾಗದಲ್ಲೇ, ಹೆಬ್ಬೆರಳಿನ ಬುಡದಲ್ಲಿ. ಇನ್‌ಸ್ಟ್ರಕ್ಟರ್ ಓಡಿ ಬಂದು, ನಿಮ್ಮ ಕೈಗೆ ಇದಲ್ಲ, ದೊಡ್ಡದು ಕೊಡ್ತೇನೆ, ಇನ್ನೊಂದು ತಾರೀಕಿಗೆ ಬನ್ನಿ ಅಂದನಂತೆ. ಬೇಡ, ಮಗಳು ಎಲ್ಲ ಓದಿ ಆರಿಸಿದ್ದಾಳೆ ಅಂತ ಡ್ಯಾಡಿ ಹೇಳಿದರಂತೆ. ಕರ್ಚೀಫು ಸುತ್ತಿಕೊಂಡರು. ಹಿಡಿತ ಸ್ವಲ್ಪ ಕೆಳಗೆ ಮಾಡಿದರು. ಉಳಿದ ನಲವತ್ತರಲ್ಲಿ ಮೂವತ್ತನಾಲ್ಕು ಒಳಗೆ.

ಪಾಸ್.

ಹೊರಗೆ ಬಂದು ಕರಕ್ ಚಾಯ್ ಕುಡಿಸಿದರು. ಪೇಪರ್ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದರು. ಪಿಸ್ತೂಲಿನದ್ದು ತಪ್ಪಿಲ್ಲ ಬಾಯೆ, ನನ್ನ ಕೈಗೇ ವಯಸ್ಸಾಯ್ತು, ಮೊದಲ ಹತ್ತರಲ್ಲಿ ಮರ್ಯಾದೆ ಹೋಯ್ತು ಅಂದರು. ಆಗಲೇ ಹೇಳಬೇಕಿತ್ತು. ಚಾಯ್ ಬಿಸಿ ಇದೆ ಅಂದೆ, ಅಷ್ಟೇ.

ಈಗ ಅವರು ಅದೇ ಚಿಕ್ಕ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗ್ತಾರೆ. ಕ್ಲಬ್ಬಿನಲ್ಲಿ ರಟ್ಟಿನ ಬೋರ್ಡಿಗೆ ಹೊಡೆಯುವುದು ಬೇರೆ. ಅಲ್ಲಿ ಮೊದಲ ಹತ್ತು ಗುಂಡು ಬಲಕ್ಕೆ ಹೋಗುವ ತನಕ ಎದುರಿನವನು ಕಾಯ್ತಾನಾ?

ನಿನ್ನೆ ಏಜೆನ್ಸಿಯ ಸುಮಂತ್ ಅಂತ ಒಬ್ಬರಿಗೆ ಫೋನ್ ಮಾಡಿದೆ. ಮಂಗಳೂರಿನವರೇ. ದೊಡ್ಡದಕ್ಕೆ ಬದಲಾಯಿಸಬಹುದಾ ಅಂತ ಕೇಳಿದೆ. ಎಂತ ಮಾರಾಯ್ತಿ, ಪಾಸಾದವರಿಗೆ ಟೆನ್ಶನ್ ಇಲ್ಲ, ನಿಂಗೆಂತಕೆ ಅಂದರು. ಬದಲಾಯಿಸಬೇಕಾದರೆ ನಿನ್ನ ತಂದೆಯೇ ಸಹಿ ಹಾಕಬೇಕು, ಟೆಸ್ಟ್ ಮತ್ತೆ ಕೊಡಬೇಕು, ಅದು ಮುಂದಿನ ತಿಂಗಳು, ಈ ಬ್ಯಾಚ್ ಭಾನುವಾರ ಹೊರಡ್ತದೆ ಅಂದರು. ಅಂದರೆ ಡ್ಯಾಡಿ ಸಹಿ ಹಾಕಿದರೆ ಭಾನುವಾರ ಹೋಗುವುದಿಲ್ಲ. ನನಗೆ ಬೇಕಾದದ್ದು ಅದೇ. ಆದರೆ ಯಾಕೆ ಬದಲಾಯಿಸಬೇಕು ಅಂತ ಕೇಳಿದರೆ ನಾನು ಏನು ಹೇಳಲಿ? ಬೆಳಿಗ್ಗೆಯಿಂದ ನಾಲ್ಕು ಸಲ ಅವರ ಎದುರು ಹೋಗಿ ನಿಂತೆ. ಒಂದು ಸಲ ಹಸಿವಾಗ್ತದಾ ಅಂತ ಕೇಳಿದರು. ಇನ್ನೊಂದು ಸಲ ಬ್ಯಾಂಡೇಜ್ ಕಟ್ಟಿಸಿಕೊಂಡರು.

ಅದಕ್ಕೆ ನಿನಗೆ ಬರೀತಿದ್ದೇನೆ. ಬೀಳ್ಕೊಡಲಿಕ್ಕೆ ಶನಿವಾರ ಬರ್ತೇನೆ ಅಂದಿದ್ದೆಯಲ್ಲ, ಅಷ್ಟು ತಡ ಮಾಡ್ಬೇಡ. ನಾಳೆಯೇ ಲೀವ್ ಹಾಕು. ನೀನು ಅಳು, ಬಯ್ಯಿ, ಪಾಸ್‌ಪೋರ್ಟ್ ಅಡಗಿಸಿಡು, ಎಂತ ಬೇಕಾದರೂ ಮಾಡು. ನೀನು ಹೇಳಿದರೆ ನಿಲ್ತಾರೆ. ನಿಲ್ಲದಿದ್ದರೆ ದೊಡ್ಡದನ್ನಾದರೂ ತೆಗೊಂಡು ಹೋಗಲಿ.

ನನ್ನನ್ನು ಆಮೇಲೆ ಬಯ್ಯಬಹುದು.

ಏನೂ ಸರಿ ಇಲ್ಲದ
ನಿನ್ನ ಮಗಳು,
ಜೆವಿಟಾ

ಮರೆತ ಮಾತು: ಕವರ್ ಅಂಟಿಸುವ ಮೊದಲು ಅವರಿಗೆ ಹೇಳಿಬಿಟ್ಟೆ ಮಮ್ಮಿ, ಟಿಕ್ ಹಾಕಿದ್ದು, ಸುಳ್ಳು ಹೇಳಿದ್ದು, ಎಲ್ಲ. ಡ್ಯಾಡಿ ಯೂನಿಫಾರ್ಮಿಗೆ ಇಸ್ತ್ರಿ ಹಾಕ್ತಿದ್ದರು. ಸ್ವಿಚ್ ಆಫ್ ಮಾಡಿ ಪೂರ್ತಿ ಕೇಳಿದರು. ಬಯ್ಯಲಿಲ್ಲ. ಹಾಗಾದರೆ ನನ್ನ ಕೈ ಸರಿ ಇದೆ ಅಂತಾಯ್ತು ಅಂದರು, ಒಂಥರಾ ಸಮಾಧಾನದಲ್ಲಿ. ಸಹಿ ಹಾಕುವುದಿಲ್ಲವಂತೆ, ಬ್ಯಾಚ್ ತಪ್ಪಿದರೆ ಇನ್ನೊಮ್ಮೆ ಕರೆಯೋದಿಲ್ಲವಂತೆ. ಆಮೇಲೆ, ದೊಡ್ಡ ಕೈಯವರು ಚಿಕ್ಕದನ್ನೇ ಹಿಡಿಯಬೇಕಾಗಿ ಬಂದರೆ ಹೇಗೆ ಹಿಡಿಯಬೇಕು, ಅದೂ ಇಂಗ್ಲಿಷಿನಲ್ಲಿ ಇದೆಯಾ ಅಂತ ಕೇಳಿದರು. ಇದೆ ಅಂದೆ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಿದ್ದಾರೆ. ಈಗ ಅದನ್ನು ಒಂದೊಂದೇ ಸಾಲು ಓದಿ ಕೊಂಕಣಿಯಲ್ಲಿ ಹೇಳಿಕೊಡ್ತಿದ್ದೇನೆ.