ಮೇಲಕ್ಕೆ ಎಸೆದ ಇಟ್ಟಿಗೆ

ಕ್ಯಾತಪ್ಪ,

ನೀನು ಸತ್ತು ಎರಡು ವರ್ಷವಾಯಿತು, ಇದನ್ನು ಓದುವವರಿಲ್ಲ. ಆದರೂ ಬೆಳಿಗ್ಗೆ ನಡೆದದ್ದನ್ನು ಬರೆಯುತ್ತಿದ್ದೇನೆ.

ನೆಟ್ಟಗೆ ಮೇಲಕ್ಕೆ ಎಸೆದ ವಸ್ತು ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ ಎಂದು ಮೊಮ್ಮಗಳು ಅನುಪಮಾ ಗಟ್ಟಿಯಾಗಿ ಓದುತ್ತಿದ್ದಳು. ಇದಕ್ಕೂ ಪುಸ್ತಕ ಬೇಕೇ ಎಂದು ರೇಗಿ, ಅವಳನ್ನು ತಾರಸಿಗೆ ಹತ್ತಿಸಿ, ಅಂಗಳದಿಂದ ಒಂದು ಇಟ್ಟಿಗೆ ಎಸೆದೆ.

"ನಿಂತಾಗ ಹಿಡ್ಕಾ ಕಣಮ್ಮ, ಹಗೂರಕ್ಕೆ ಕೈಗೆ ಬಂದ್ಬುಡ್ತದೆ."

ಹಿಡಿದಳು. ಮಧುಗಿರಿಯಲ್ಲಿ ನೀನು ಗೋಡೆಯ ಮೇಲೆ, ನಾನು ಕೆಳಗೆ ನಿಂತು ಹನ್ನೊಂದು ವರ್ಷ ಮಾಡಿದ ಕೆಲಸ ಇದೇ ತಾನೇ.

"ಜೋರಾಗಿ ಎಸೆದ್ರೆ, ತಾತ?"

"ಕೈ ಹತ್ರ ನಿಲ್ಲಕಿಲ್ಲ. ಬೆರಳು ಮುರೀತದೆ."

"ಅಂಗಾದ್ರೆ ತಪ್ಪು ಎಸೆದೋರ್ದೇ."

"ಬಾಯ್ಮುಚ್ಕೊಂಡು ಕೆಳಗಿಳಿ," ಅಂದೆ.

ನಿನ್ನ ಬೆರಳು ಮುರಿದ ದಿನ ನೀನು ಮೇಸ್ತ್ರಿಯ ಎದುರು ನನ್ನನ್ನು ಆಡಿಕೊಂಡು ನಕ್ಕಿದ್ದೆ. ಇಟ್ಟಿಗೆ ಬಿದ್ದ ಮೇಲೆ ನಾನೇ ಎಲ್ಲರಿಗೂ ಕೇಳುವಂತೆ, "ಹಿಡಿಯಕ್ಕೇ ಬರಕಿಲ್ಲ ಇವ್ನಿಗೆ," ಅಂದೆ. ಎರಡು ಬೆರಳು ಸೊಟ್ಟಗಾಗಿ ನೀನು ಗಾರೆ ಕೆಲಸ ಬಿಟ್ಟು ಕುರಿ ಕಾಯಲು ಹೋದೆ. ಯಾರು ಕೇಳಿದರೂ, "ನಂದೇ ಕೈ ಜಾರ್ತು," ಅಂತಲೇ ಹೇಳಿದೆಯಂತೆ.

ಇಟ್ಟಿಗೆ ನಿನ್ನ ಕೈಗೆ ಬಡಿದಾಗ ಇನ್ನೂ ಮೇಲಕ್ಕೇ ಏರುತ್ತಿತ್ತು. ಅದು ನಮ್ಮಿಬ್ಬರಿಗೇ ಗೊತ್ತಿತ್ತು.

ಓಬಳಯ್ಯ