ನಗುವ ದನಿಗೆ ಹಣ ಕೊಡುವ ಮುನ್ನ

ತೇಲೂರು, ಆಲಮಟ್ಟಿ ಹಿನ್ನೀರು
ಕ್ರಿ.ಶ. 2168, ಫೆಬ್ರವರಿ 30, ಮಂಗಳವಾರ

‘ಕೊರಳು’ ಸಮಿತಿಯ ಹಿರಿಯರಿಗೆ,

ಹುಸೇನಬಿ ನದಾಫ್ ಮಾಡುವ ನಮಸ್ಕಾರಗಳು. ಫೆಬ್ರವರಿ ಮೂವತ್ತು ನಿಮ್ಮಲ್ಲಿಲ್ಲ, ನಮ್ಮಲ್ಲಿದೆ; ಕ್ಯಾಲೆಂಡರ್ ತಿದ್ದಿದ್ದಾರೆ. ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ, ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ವರ್ಷಗಳಿಗೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜನ್ಮಕ್ಕೊಂದೇ ಪತ್ರ. ಹೆಚ್ಚಿನವರು ಅದನ್ನು ಮುತ್ತಜ್ಜನ ಮದುವೆ ತಪ್ಪಿಸಲು ಖರ್ಚು ಮಾಡುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ನೋಡಿ ನನ್ನ ಹಣೆಬರಹ.

ಮೂರು ವರ್ಷದ ಮೊಮ್ಮಗಳು ಮೆಹರ್ ಜ್ವರದಿಂದ ಪಕ್ಕದಲ್ಲೇ ಮಲಗಿದ್ದಾಳೆ. ವೈದ್ಯರ ದೋಣಿ ಬರುವುದು ಗುರುವಾರ. ಮನೆಯಲ್ಲಿ ಜ್ವರದ ಔಷಧಿ ಇದೆ, ಆದರೆ ಮಗುವಿಗೆ ಕೊಡಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಬಾಟಲಿಗಳ ಮೇಲೆ ಅಕ್ಷರ ಇರುವುದಿಲ್ಲ, ತುಟಿಪಟ್ಟಿ ಇರುತ್ತದೆ. ಬೆರಳಾಡಿಸಿದರೆ ಮಾತಾಡುವ ಪಟ್ಟಿ. ಗೊಬ್ಬರದ ಚೀಲ, ದೋಣಿಯ ಎಂಜಿನ್, ಹಾಲಿನ ಪೊಟ್ಟಣ, ಎಲ್ಲಕ್ಕೂ ಅದೇ. ಅದರಲ್ಲಿ ಕನ್ನಡ ಮಾತಾಡುವುದು ನಿಮ್ಮ ಕೊರಳು. ಕಣ್ಣು ಕಾಣದವರಿಗೆ ಓದಿ ಹೇಳಲೆಂದು ನೀವು ಮಾಡಿ, ಎಲ್ಲರಿಗೂ ಪುಕ್ಕಟೆ ಬಿಟ್ಟ ತಂತ್ರಾಂಶ. ಪುಕ್ಕಟೆ ಸಿಕ್ಕಿತೆಂದು ಕಂಪನಿಗಳೆಲ್ಲ ಎತ್ತಿಕೊಂಡವು; ನೋಡಿಕೊಳ್ಳುವವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಬೆರಳಾಡಿಸಿದೆ. ಪಟ್ಟಿ ಮೊದಲು ಕಿಲಕಿಲ ನಕ್ಕಿತು. ಆಮೇಲೆ “ಐದು ವರ್ಷದೊಳಗಿನ ಮಕ್ಕಳಿಗೆ ಈ ಔಷಧಿಯನ್ನು” ಎಂದು ನಿಂತಿತು. ಇನ್ನೊಮ್ಮೆ ಮಾಡಿದೆ, ಅದೇ ನಗು, ಅದೇ ಅರ್ಧ. ವಾಕ್ಯ ಉದ್ದವಾದರೆ ಕೊರಳು ಹೀಗೇ ನಡುವೆ ಸುಮ್ಮನಾಗುತ್ತದೆ. ಬೇರೆ ಭಾಷೆಗೆ ತಿರುಗಿಸಿದರೆ ಪೂರ್ತಿ ಹೇಳುತ್ತದೆ, ಆದರೆ ಆ ಭಾಷೆ ಬಲ್ಲವರು ತೇಲೂರಿನಲ್ಲಿಲ್ಲ. ಪಕ್ಕದ ಮನೆಯ ಶಿವಲೀಲಕ್ಕನೂ ಬಂದು ಉಜ್ಜಿ ನೋಡಿದರು. “ಇದಕ್ಕೇನ್ ಧಾಡಿ ಆಗೇತ್ರಿ, ನಗಾಕ್ ಬರತೈತಿ, ಮಾತ್ ಮುಗಸಾಕ್ ಬರಂಗಿಲ್ಲ” ಎಂದು ಬೈದು ಹೋದರು.

ನಿಮ್ಮ ಚರ್ಚೆಗಳೆಲ್ಲ ಬಹಿರಂಗವಾಗಿದ್ದವಲ್ಲ, ಅವು ಉಳಿದಿವೆ. ಕೂತು ಓದಿದೆ. ಈ ದೋಷ ಕಂಡುಹಿಡಿದವರು ವಿಶಾಲಾಕ್ಷಿ ಕುಂದರಗಿ. ಹಗಲು ವಿದ್ಯುತ್ ಕಚೇರಿಯಲ್ಲಿ ಕೆಲಸ, ಸಂಜೆ ಸಂಬಳವಿಲ್ಲದೆ ನಿಮ್ಮ ಕೊರಳಿನ ಸೇವೆ. ಅವರು ಬರೆದಿದ್ದಾರೆ: “ಎರಡ್ ವರ್ಷಾತು ಹೇಳಾಕತ್ತಿ. ಉದ್ದ ವಾಕ್ಯ ಬಂದ್ರ ದನಿ ನಿಂತಬಿಡತೈತಿ. ಪಗಾರ ಕೊಟ್ಟು ಒಬ್ಬರನ್ನ ಇಡ್ರಿ, ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ.” ಅಧ್ಯಕ್ಷರ ಉತ್ತರವೂ ಅಲ್ಲೇ ಇದೆ: “ನಿಮ್ಮ ಸೇವೆ ಅಮೂಲ್ಯ ಮೇಡಂ. ಆದರೆ ದಾನಿಗಳಿಗೆ ಹೊಸದೇನಾದ್ರೂ ತೋರಿಸ್ಬೇಕಲ್ವಾ?” ಹೊಸದು ಅಂದರೆ ನಗುವ ದನಿ. ಈ ಪತ್ರ ನಿಮ್ಮ ಕೈಸೇರಿದ ಮೇಲೆ ಬರುವ ಭಾನುವಾರದ ಸಭೆಯಲ್ಲಿ ನೀವು ಅನುದಾನವನ್ನೆಲ್ಲ ಅದಕ್ಕೇ ಸುರಿಯುತ್ತೀರಿ. ವಿಶಾಲಾಕ್ಷಿಯವರಿಗೆ ಶಾಲು ಹೊದಿಸಿ ಫೋಟೊ ತೆಗೆಸುತ್ತೀರಿ. ಮರುದಿನ ಅವರು “ಇನ್ ಮ್ಯಾಲೆ ನೀವ ನೋಡ್ಕೋರಿ” ಎಂದಷ್ಟೇ ಬರೆದು ಬಿಟ್ಟುಹೋಗುತ್ತಾರೆ. ಆಮೇಲೆ ಬಂದವರೆಲ್ಲ ಆ ದೋಷದ ಮೇಲೆಯೇ ಹೊಸದನ್ನು ಪೇರಿಸಿದರು, ಈಗ ಅದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ಓದುತ್ತಾ ಓದುತ್ತಾ ನನಗೆ ಮೈಯೆಲ್ಲ ಉರಿಯಿತು.

ನಿಮ್ಮನ್ನು ಕೆಟ್ಟವರೆನ್ನುವುದಿಲ್ಲ. ನಮ್ಮಲ್ಲೂ ಹೊಸ ದೋಣಿಗೆ ದೇಣಿಗೆ ಬರುತ್ತದೆ, ಹಳೆಯದರ ತೂತು ಮುಚ್ಚಲು ಯಾರೂ ಕೊಡುವುದಿಲ್ಲ. ಆದರೆ ದಾನಿಗಳಿಗೆ ಅದನ್ನು ತಿಳಿಸಿ ಹೇಳುವುದು ನಿಮ್ಮ ಕೆಲಸವಾಗಿತ್ತು, ವಿಶಾಲಾಕ್ಷಿಯವರದಲ್ಲ.

ನನ್ನ ಬೇಡಿಕೆ ಇಷ್ಟೇ. ಭಾನುವಾರ ಶಾಲು ತರಬೇಡಿ. ಅವರು ಕೇಳಿದ ಒಬ್ಬ ಸಹಾಯಕರ ಸಂಬಳವನ್ನು ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಬೇಕಾದಷ್ಟು ನಗಿಸಿಕೊಳ್ಳಿ.

ಇನ್ನು ಬರೆಯಲಾರೆ. ಮೆಹರ್ ಎದ್ದು ಅಳುತ್ತಿದ್ದಾಳೆ, ಮೈ ಕೆಂಡದಂತಾಗಿದೆ. ಬಾಟಲಿಯ ಮುಚ್ಚಳ ತೆಗೆದಿದ್ದೇನೆ, ಚಮಚ ಕೈಯಲ್ಲಿದೆ, ಕೊಡಲೋ ಬೇಡವೋ ತಿಳಿಯುತ್ತಿಲ್ಲ.