ಅರ್ಧ ವೇಗ

ಮಾರ್ಚ್ 3
ಭುಜ ಮತ್ತೆ ನೋವು. ಬ್ರೇಕ್ ಬಿಗಿದರೆ ಕೊರೆತ ನಿಧಾನ, ಸಡಿಲಿಸಿದರೆ ಜೋರು — ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟೇ ವಿದ್ಯೆ. ಗ್ಯಾಸ್ ಬಾವಿ ಕೊರೆಯುವ ನಮ್ಮ ರಿಗ್ಗಿನಲ್ಲಿ, ಮೇಲೆ ಬರುವ ಗ್ಯಾಸ್ ಅಳೆಯಲು ಹೊಸ ಎಂಜಿನಿಯರ್ ಬಂದಿದ್ದಾಳೆ. ನನ್ನ ಮಗಳೇ. ಫೋನಿನಲ್ಲಿ ನನ್ನನ್ನು ‘ಡ್ರಿಲ್ಲರ್’ ಅನ್ನುತ್ತಾಳೆ! ಹಲ್ಲು ಮೂಡುವಾಗ ನನ್ನ ಬೆರಳು ಕಚ್ಚಿದವಳು.

ಮಾರ್ಚ್ 5
ನಾಳೆ ತೂತುತೂತಿನ ಬಂಡೆ. ಒಳಗೆಲ್ಲ ಗ್ಯಾಸ್.
“ಬಂಡೆ ಪುಡಿಯಾದಷ್ಟೂ ಗ್ಯಾಸ್ ಬರುತ್ತೆ. ಈ ವೇಗಕ್ಕೆ ಇಷ್ಟು ಅಂತ ಅಂದಾಜು ಮಾಡಿದೀನಿ. ಅದಕ್ಕಿಂತ ಜಾಸ್ತಿ ಬಂದ್ರೆ, ಗ್ಯಾಸ್ ತಾನಾಗೇ ಬಾವಿಗೆ ನುಗ್ತಿದೆ ಅಂತ,” ಅಂದಳು ಮಗಳು.
ರಿಗ್ ಮ್ಯಾನೇಜರ್ ನಕ್ಕ. “ಅಡುಗೆಗೆ ಉಪ್ಪು ಹಾಕೋ ಅಂದಾಜಾ, ತಾಯಿ? ತಪ್ಪಿದ್ರೆ ವಾಪಸ್ ಆಫೀಸಿಗೆ.”
ಮಗಳ ಮುಖ ಸಪ್ಪಗಾಯಿತು. ಅವನ ಕತ್ತು ಹಿಸುಕಬೇಕಿತ್ತು.

ಮಾರ್ಚ್ 6, ಮಧ್ಯಾಹ್ನ
ಕೈ ತೊಳೆದು ಕೂತು ಬರೆಯುತ್ತಿದ್ದೇನೆ.
ಗ್ಯಾಸ್ ಅವಳ ಅಂಕಿ ಮೀರಬಾರದು — ತಲೆಯಲ್ಲಿ ಅಷ್ಟೇ. ವೇಗದ ಮೀಟರ್ ಬೆಳಿಗ್ಗೆಯೇ ಕೆಟ್ಟಿತ್ತು. ನಾನು ಹೇಳಿದ್ದೇ ಅವಳಿಗೆ ವೇಗ. ಬ್ರೇಕ್ ಬಿಗಿದು ಅರ್ಧಕ್ಕೆ ಇಳಿಸಿದೆ. ಅವಳಿಗೆ ಮಾತ್ರ ಪೂರ್ತಿ ವೇಗ ಅಂದೆ. ಗ್ಯಾಸ್ ಸರಿಯಾಗಿ ಅವಳ ಅಂಕಿಗೇ ಬಂದು ನಿಂತಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ನಾನು ಹಿಗ್ಗಿ ಹೀರೇಕಾಯಿ. ತಡೆಯಲಾಗದೆ ಫೋನಿನಲ್ಲಿ ಅಂದುಬಿಟ್ಟೆ, “ನೋಡಿದ್ಯಾ, ಅಪ್ಪ ಬ್ರೇಕ್ ಹಿಡಿದು ಕಾಪಾಡಿದ.”
“ಅಪ್ಪಾ... ಎಷ್ಟು ವೇಗ? ನಿಜ ಹೇಳು.”
“ಅರ್ಧ.”
“ಅರ್ಧ ವೇಗಕ್ಕೆ ಅರ್ಧ ಗ್ಯಾಸ್ ತಾನೇ ಬರ್ಬೇಕು! ಮಿಕ್ಕಿದ್ದು ತಾನಾಗೇ ನುಗ್ತಿದೆ. ನಿಲ್ಸು!”
ಬಾವಿಯೊಳಗೆ ಕೆಸರು ತಳ್ಳುವ ಪಂಪ್ ನಿಲ್ಲಿಸಿದೆವು. ಪಂಪ್ ನಿಂತರೆ ಬಾವಿಯಿಂದ ಬರುವ ಕೆಸರೂ ನಿಲ್ಲಬೇಕು. ನಿಲ್ಲಲಿಲ್ಲ. ಉಕ್ಕುತ್ತಲೇ ಇತ್ತು... ಬಾವಿಯ ಬಾಯಿ ಬಂದ್ ಮಾಡಿದೆವು. ಯಾರಿಗೂ ಏನೂ ಆಗಲಿಲ್ಲ.

ಮಾರ್ಚ್ 9
ಭಾರದ ಕೆಸರು ತುಂಬಿ ಗ್ಯಾಸ್ ಹೊರಗೆ ಹಾಕಿದರು. ನಾನು ಸದ್ಯ ಬ್ರೇಕ್ ಮುಟ್ಟುವಂತಿಲ್ಲ. ಮ್ಯಾನೇಜರ್ ಉಗಿದ, ತುಟಿ ಬಿಚ್ಚದೆ ಕೇಳಿಸಿಕೊಂಡೆ. ಜನ್ಮದಲ್ಲಿ ಮೊದಲು.
ಸಂಜೆ ಮಗಳು ರೂಮಿಗೆ ಬಂದಳು. ಬೈಯಲಿಲ್ಲ. ಭುಜಕ್ಕೆ ಮುಲಾಮು ತಿಕ್ಕಿದಳು.
“ನಾನು ತಪ್ಪಿದ್ರೆ ತಪ್ಪಲಿ ಬಿಡು. ಬಾವಿ ತಲೆ ಮೇಲೆ ನಿಂತಿರೋನು ನೀನು. ನಿಂಗೇನಾದ್ರೂ ಆದ್ರೆ ಆ ಅಂಕಿ ಇಟ್ಕೊಂಡು ನಾನೇನು ಮಾಡ್ಲಿ?”
“ಮೆಲ್ಲಗೆ ತಿಕ್ಕೇ, ಚರ್ಮ ಕಿತ್ತು ಬರುತ್ತೆ,” ಎಂದು ರೇಗಿದೆ.

ಮಾರ್ಚ್ 12
ಬ್ರೇಕ್ ಮತ್ತೆ ಕೈಗೆ ಬಂತು. ಫೋನಿನಲ್ಲಿ ಮಗಳು —
“ಡ್ರಿಲ್ಲರ್, ವೇಗ?”
“ನೀವು ಹೇಳಿದಷ್ಟೇ, ಮೇಡಂ.”
ಸುತ್ತಲಿದ್ದವರು ಕಿಸಕ್ಕೆಂದರು. ನಗಲಿ. ಗ್ಯಾಸ್ ಏರಿದಾಗ ಕೈ ತಾನಾಗಿ ಬಿಗಿಯಿತು. ಹಲ್ಲು ಕಚ್ಚಿ ಸಡಿಲಿಸಿದೆ. ಈಗ ಚಹಾ ಬಿಡುವು. ಅವಳ ಅಂಕಿ — ಇರು, ಅವಳದೇ ಫೋನು. ಬೈಯುವುದಕ್ಕೋ, ಊಟ ಆಯ್ತಾ ಎಂದು ಕೇಳುವುದಕ್ಕೋ...